ಅತ್ತೆಯ ರಟ್ಟೆನೋವು

ತಾಂಬರಂ
೨೩ ಅಕ್ಟೋಬರ್ ೨೦೦೬

ಪೂಜ್ಯ ಅತ್ತೆಯವರಿಗೆ ಕೋಮಲಾ ಮಾಡುವ ನಮಸ್ಕಾರಗಳು.

ಹಿರಿಯ ಹೆಂಗಸರಿಗೆ ಬರೆಯುವಾಗ 'ಮಾತೃಸಮಾನರಾದ' ಅಂತ ಶುರು ಮಾಡಬೇಕು, ಅದು ಪದ್ಧತಿ, ಅಂತ ನನಗೆ ಕಾಗದ ಬರೆಯಲು ಕಲಿಸಿದವರೇ ನೀವು. ಬೇಕಂತಲೇ ಬಿಟ್ಟಿದ್ದೇನೆ. ಮರೆವು ಅಂದುಕೊಳ್ಳಬೇಡಿ, ಸೊಕ್ಕು ಅಂತಲೂ ಅಂದುಕೊಳ್ಳಬೇಡಿ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಮೊದಲು ಒಂದು ಷರತ್ತು. ಇದನ್ನು ಯಾರ ಕೈಯಲ್ಲೂ ಓದಿಸಬೇಡಿ. ಕಣ್ಣಿನ ಪೊರೆ ತೆಗೆದು ಎರಡು ವಾರವಾದರೂ ಹೊಸ ಕನ್ನಡಕಕ್ಕೆ ಇನ್ನೂ ಒಂದು ತಿಂಗಳು ಕಾಯಬೇಕು ಅಂತ ದಾವಣಗೆರೆಯಿಂದ ಕಲಾವತಿ ಅಕ್ಕ ಫೋನಿನಲ್ಲಿ ಹೇಳಿದರು. ಅಲ್ಲಿಯ ತನಕ ಈ ಕಾಗದ ನಿಮ್ಮ ಟ್ರಂಕಿನಲ್ಲಿ ಸೀರೆಗಳ ಅಡಿ ಇರಲಿ. ಹೆತ್ತ ಮಗಳೇ ಆದರೂ, ನೀವು ಈಗ ಇರುವುದು ಅವರ ಮನೆಯಲ್ಲೇ ಆದರೂ, ಅಕ್ಕನ ಕೈಗೆ ಕೊಡಬೇಡಿ. ಓದಲಾಗದೆ ಕೂತವರಿಗೆ 'ಓದಿಸಬೇಡಿ' ಅಂತ ಕಾಗದದಲ್ಲೇ ಬರೆಯುವ ಜಾಣೆ ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು. ಅದಕ್ಕೇ ಫೋನಿನಲ್ಲೂ ಒಂದು ಮಾತು ಹೇಳಿಬಿಡುತ್ತೇನೆ.

ಹಾಗಾದರೆ ಎಲ್ಲವನ್ನೂ ಫೋನಿನಲ್ಲೇ ಹೇಳಬಾರದಿತ್ತೇ ಅಂತ ಕೇಳುತ್ತೀರಿ. ಎಂಟು ವರ್ಷ ಒಂದೇ ಅಡುಗೆಮನೆಯಲ್ಲಿ ನಿಂತು ಹೇಳಲಾಗದ್ದನ್ನು ಎಸ್‌ಟಿಡಿಯಲ್ಲಿ ಹೇಗೆ ಹೇಳಲಿ?

ಇಲ್ಲಿ ಎಲ್ಲರೂ ಕ್ಷೇಮ. ಹಬ್ಬದ ದಿನ ಮಧ್ಯಾಹ್ನದಿಂದ ಮಳೆ. ರಚನಾಳ ಪಟಾಕಿ ಅರ್ಧಕ್ಕರ್ಧ ನೆನೆದು, ಇವರು ಅದನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಲು ಹೊರಟರು. ಬ್ಯಾಂಕ್ ಆಫೀಸರು ಅಂತ ಊರೆಲ್ಲ ಮರ್ಯಾದೆ ಕೊಡುತ್ತದೆ, ಬುದ್ಧಿ ಮಾತ್ರ ನಿಮ್ಮ ಮಗನಿಗೆ ಇಷ್ಟೇ. ಬಾಣಲೆ ಕಿತ್ತಿಟ್ಟುಕೊಂಡೆ. ಮಹಡಿ ಮನೆ ಜಾನಕಮ್ಮ ನಿಮ್ಮನ್ನು ವಿಚಾರಿಸಿದರು. ವಿಚಾರಿಸಿದರು ಅಂದರೆ, ಅತ್ತೆ ಊರಲ್ಲಿಲ್ಲ, ಈಗಲಾದರೂ ತವರಿಗೆ ಹೋಗಿ ನಾಲ್ಕು ದಿನ ಇದ್ದು ಬಾರಮ್ಮ ಅಂತ ನನಗೆ ಕನಿಕರ ತೋರಿಸಿದರು. ನಾನು ನಕ್ಕುಬಿಟ್ಟೆ. ಆ ನಗು ನನಗೇ ಹಿಡಿಸಲಿಲ್ಲ.

ಈಗ ತಪ್ಪೊಪ್ಪಿಗೆ. ರಚನಾಳ ತಲೆಯಲ್ಲಿ ಹೇನು ಬಿದ್ದಿತ್ತು, ಸ್ಕೂಲಿನವರು ಹೇಳಿದರು, ಅದಕ್ಕೇ ಕೂದಲು ಕತ್ತರಿಸಿದೆವು ಅಂತ ಫೋನಿನಲ್ಲಿ ಹೇಳಿದ್ದೆನಲ್ಲ. ಹೇನೂ ಇರಲಿಲ್ಲ, ಸೀರೂ ಇರಲಿಲ್ಲ. ನೀವು ರೈಲು ಹತ್ತಿದ ಮೂರನೇ ದಿನ ನಾನೇ ಅವಳನ್ನು ಸ್ಟೇಷನ್ ಹತ್ತಿರದ ಪಾರ್ಲರಿಗೆ ಕರೆದುಕೊಂಡು ಹೋದೆ. ತುದಿ ಮಾತ್ರ ಅಲ್ಲ, ಕಿವಿಯ ತನಕ ಕತ್ತರಿಸಿಬಿಡಿ ಅಂದೆ. ನಮ್ಮ ಬೋರ್‌ವೆಲ್ಲಿನ ಉಪ್ಪು ನೀರು ತಾಗಬಾರದು ಅಂತ ಅವಳ ತಲೆಗೆಂದೇ ಸಿಹಿನೀರಿನ ಕೊಡ ಬೇರೆ ಇಟ್ಟು, ಸೀಗೆಕಾಯಿ ಕುಟ್ಟಿ, ಐದು ವರ್ಷ ನೀವು ಬೆಳೆಸಿದ ಕೂದಲು. ಬರುವ ಸಂಕ್ರಾಂತಿಗೆ ಮೊಗ್ಗಿನ ಜಡೆ ಹಾಕಿ, ಹಿಂದೆ ಕನ್ನಡಿ ನಿಲ್ಲಿಸಿ ಫೋಟೋ ತೆಗೆಸಬೇಕು ಅಂತ ನೀವು ಸ್ಟುಡಿಯೋದವನಿಗೂ ಹೇಳಿಟ್ಟಿದ್ದಿರಿ. ಹೇನಿನ ಸುಳ್ಳು ಕೇಳಿ ನೀವು, ಕೂದಲು ತಾನೆ, ಬೆಳೀತದೆ ಬಿಡು ಅಂದಿರಿ. ಫೋನು ಇಟ್ಟು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ನಿಜ ಏನೆಂದರೆ, ನನಗೆ ಬಾಚಣಿಗೆ ಹಿಡಿಯಲು ಭಯ. ನೀವು ಇದ್ದಷ್ಟು ದಿನ ರಚನಾಳ ತಲೆ ಬಾಚುವ ಕೆಲಸ ನಿಮ್ಮದು. ಒಲೆಯ ಮುಂದೆ ಇದ್ದೇನೆ, ಪುರುಸೊತ್ತಿಲ್ಲ ಅನ್ನುವುದು ನನ್ನ ನೆಪ. ಸಿಕ್ಕುಗಟ್ಟಿದ ಕೂದಲು, ಅಳುವ ಮಗು, ಹೊರಗೆ ಸ್ಕೂಲ್ ವ್ಯಾನಿನ ಹಾರ್ನ್, ನನ್ನ ಕೈಯಲ್ಲಿ ಬಾಚಣಿಗೆ. ಇಷ್ಟೂ ಒಟ್ಟಿಗೆ ಸೇರಿದರೆ ನಾನು ನಮ್ಮಮ್ಮ ಆಗಿಬಿಡುತ್ತೇನೆ ಅಂತ ಭಯ. ಮಗು ಹುಟ್ಟಿದ ದಿನದಿಂದ ನನಗೆ ಇದ್ದದ್ದು ಇದೊಂದೇ ಭಯ, ಅತ್ತೆ. ಹಾವಲ್ಲ, ಚೇಳಲ್ಲ, ನನ್ನ ಕೈ.

ನಿಮಗೆ ಎಷ್ಟು ಗೊತ್ತಿದೆಯೋ ನನಗೆ ಗೊತ್ತಿಲ್ಲ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಇವತ್ತು ಬರೆದುಬಿಡುತ್ತೇನೆ.

ಪುರಸೈವಾಕ್ಕಂನಲ್ಲಿ ಕೆಳಗೆ ಅಪ್ಪನ ಪಾತ್ರೆ ಅಂಗಡಿ, ಮೇಲೆ ನಮ್ಮ ಮನೆ. ಅಂದಾನಿಯವರ ಅಂಗಡಿ ಅಂದರೆ ಆ ಬೀದಿಗೆಲ್ಲ ಗೊತ್ತು. ಬೆಳಗ್ಗೆ ಆರೂವರೆಗೆ ಅಮ್ಮ ನನ್ನ ತಲೆ ಬಾಚಲು ಕೂರಿಸಿಕೊಳ್ಳುತ್ತಿದ್ದಳು. ಹಿಂದಿನ ದಿನ ನಾನು ಮಾಡಿದ್ದು, ಮಾಡದೆ ಬಿಟ್ಟಿದ್ದು, ಅಪ್ಪ ಅಂದದ್ದು, ಅಜ್ಜಿ ಆಡಿಕೊಂಡದ್ದು, ಎಲ್ಲವೂ ಅವಳಿಗೆ ಸರಿಯಾಗಿ ಆ ಹೊತ್ತಿಗೇ ನೆನಪಾಗುತ್ತಿತ್ತು. ಜಡೆಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡರೆ ಮಗುವಿಗೆ ತಲೆ ಅಲ್ಲಾಡಿಸಲು ಆಗುವುದಿಲ್ಲ. ಮೊದಲು ಬಾಚಣಿಗೆಯ ಬೆನ್ನು, ಆಮೇಲೆ ಕೈ, ಆಮೇಲೆ ಗೋಡೆ. ನಾನು ಕಿರುಚಿದರೆ ಕೆಳಗೆ ಅಪ್ಪ ಹೆಸರು ಕೊರೆಯುವ ಮಷೀನು ಹಾಕುತ್ತಿದ್ದರು. ಪಾತ್ರೆ ಕೊಂಡವರಿಗೆ ಅವರವರ ಹೆಸರು ಕೊರೆದು ಕೊಡುತ್ತಾರಲ್ಲ, ಆ ಮಷೀನು. ಅದರ ಕರಕರ ಶಬ್ದದಲ್ಲಿ ಬೇರೇನೂ ಕೇಳಿಸುವುದಿಲ್ಲ. ಬೆಳಗ್ಗೆ ಆರೂವರೆಗೆ ಯಾವ ಗಿರಾಕಿ ಬಂದು ಹೆಸರು ಕೊರೆಸಿಕೊಳ್ಳುತ್ತಾನೆ? ಈ ಪ್ರಶ್ನೆ ನನಗೆ ಹೊಳೆದದ್ದು ಮದುವೆಯಾಗಿ ನಿಮ್ಮ ಮನೆಗೆ ಬಂದ ಮೇಲೆ.

ಹೊಡೆದು ಮುಗಿದ ಮೇಲೆ ಅಮ್ಮ ಅಳುತ್ತಿದ್ದಳು. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಂದು ಊದಿದ ಕಡೆಗೆಲ್ಲ ಹಚ್ಚುತ್ತಿದ್ದಳು. ಯಾರಿಗೂ ಹೇಳಬೇಡ ಕಂದ, ನಾನು ಕೆಟ್ಟವಳಲ್ಲ ಅನ್ನುತ್ತಿದ್ದಳು. ಅದೂ ಸುಳ್ಳಲ್ಲ. ಜ್ವರ ಬಂದರೆ ಮೂರು ದಿನ ಪಕ್ಕದಿಂದ ಏಳದೆ ಕೂತವಳೂ ಅವಳೇ. ಆದರೆ ಬೆಚ್ಚಗಿನ ಎಣ್ಣೆಯ ವಾಸನೆ ಬಂದರೆ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ. ಎಡಗಿವಿಯ ಹಿಂದೆ ನಾಲ್ಕಾಣೆಯಗಲ ಜಾಗದಲ್ಲಿ ನನಗೆ ಕೂದಲು ಬರುವುದಿಲ್ಲ. ಮಲ್ಲಿಗೆ ದಂಡೆ ಮುಡಿದರೆ ಮುಚ್ಚುತ್ತದೆ. ಕೋಮಲಾಗೆ ಹೂವಿನ ಹುಚ್ಚು ಅಂತ ಬಂಧುಬಳಗದಲ್ಲೆಲ್ಲ ಹೆಸರಾಗಿದೆ.

ಇನ್ನು ನಿಮಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ಗೊತ್ತಿದ್ದರೂ ಓದಿ. ನನಗೆ ಹೇಗೆ ಕಂಡಿತು ಅಂತ ನಿಮಗೆ ಗೊತ್ತಿಲ್ಲವಲ್ಲ.

ತೊಂಬತ್ತೆಂಟರಲ್ಲಿ, ಮದುವೆಯಾಗಿ ಬಂದ ಎರಡನೇ ಶುಕ್ರವಾರ. ನೀವು ನನ್ನನ್ನು ಹಿತ್ತಲಲ್ಲಿ ಮಣೆಯ ಮೇಲೆ ಕೂರಿಸಿ, ಎಣ್ಣೆ ಬಟ್ಟಲು ಹಿಡಿದು ಹಿಂದಿನಿಂದ ಬಂದಿರಿ. ನಿಮ್ಮ ಕೈ ನನ್ನ ತಲೆಯ ಮೇಲೆ ಎದ್ದದ್ದು ನೆರಳಿನಲ್ಲಿ ಕಂಡಿತು. ಅಷ್ಟೇ ನೆನಪು. ಆಮೇಲೆ ನಾನು ನೆಲದ ಮೇಲಿದ್ದೆ, ಎರಡು ತೋಳಿನಿಂದ ತಲೆ ಮುಚ್ಚಿಕೊಂಡಿದ್ದೆ. ಇಲ್ಲಮ್ಮ, ಇನ್ನೊಂದು ಸಲ ಮಾಡಲ್ಲಮ್ಮ ಅಂತ ಬಡಬಡಿಸುತ್ತಿದ್ದೆ. ಇಪ್ಪತ್ತನಾಲ್ಕು ವರ್ಷದ ಮದುಮಗಳು, ಕೈತುಂಬ ಬಳೆ. ನಾಚಿಕೆಯಿಂದ ಸತ್ತುಹೋಗೋಣ ಅನಿಸಿತು.

ಬೇರೆ ಯಾರೇ ಆಗಿದ್ದರೂ ಏನಾಯಿತು ಅಂತ ಕೇಳುತ್ತಿದ್ದರು. ಇಲ್ಲವೇ ಗಾಳಿ ಗೀಳಿ ಸೋಕಿದೆ ಅಂತ ಅಯ್ಯನವರನ್ನು ಕರೆಸಿ ವಿಭೂತಿ ಹಾಕಿಸುತ್ತಿದ್ದರು. ನೀವು ನನ್ನನ್ನು ಮುಟ್ಟಲೂ ಇಲ್ಲ. ಎಣ್ಣೆ ಬಟ್ಟಲನ್ನು ನನ್ನ ಮುಂದೆ ಇಟ್ಟು, ಮಣೆಯ ಮೇಲೆ ನೀವೇ ಕೂತು, ನನಗೆ ಬೆನ್ನು ಕೊಟ್ಟು ತುರುಬು ಬಿಚ್ಚಿದಿರಿ. 'ನನ್ ತಲಿಗೆ ನೀನೇ ಹಚ್ಚವ್ವ ಕೋಮಲಾ, ನಂಗೆ ರಟ್ಟೆ ಎತ್ತಕ್ಕಾಗಲ್ಲ' ಅಂದಿರಿ. ಅದೇ ಕ್ಷಣ ನಿಮಗೆ ರಟ್ಟೆನೋವು ಶುರುವಾಯಿತು. ಎರಡು ವರ್ಷ ವಾಸಿಯಾಗಲಿಲ್ಲ.

ಎರಡು ವರ್ಷ, ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ ನಿಮ್ಮ ತಲೆಗೆ ನಾನು ಎಣ್ಣೆ ಹಚ್ಚಿದೆ. ಮೊದಮೊದಲು ಎಣ್ಣೆ ಹೆಚ್ಚಾಗಿ ನಿಮ್ಮ ಕುತ್ತಿಗೆಗೆ ಇಳಿಯುತ್ತಿತ್ತು. ಸೊಸೆ ಕೈಯಲ್ಲಿ ಚಾಕರಿ ಮಾಡಿಸಿಕೊಳ್ಳುತ್ತಾಳೆ ನೋಡು ಈ ಶಂಕ್ರಮ್ಮ, ಮಹಾರಾಣಿ, ಅಂತ ಜಾನಕಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದರು. ನೀವು ಕಣ್ಣು ಮುಚ್ಚಿಕೊಂಡು, ಇನ್ನೊಂಚೂರು ನೆತ್ತಿಗೆ ಹಾಕು ಅನ್ನುತ್ತಿದ್ದಿರಿ. ನಿಮ್ಮ ಬಿಳಿಕೂದಲಲ್ಲಿ ಬೆರಳಾಡಿಸುತ್ತಾ ಆಡಿಸುತ್ತಾ, ಎಣ್ಣೆಯ ವಾಸನೆಗೆ ನಾನು ಮುಖ ತಿರುಗಿಸುವುದು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ತಲೆ ಅನ್ನುವುದು ಎಷ್ಟು ಮೆತ್ತಗಿರುತ್ತದೆ ಅಂತ ನನ್ನ ಕೈಗೆ ಮೊದಲ ಸಲ ತಿಳಿಯಿತು.

ಆ ಹಂಡೆಯ ದಿನ ನೆನಪಿದೆಯೇ? ನಾನು ಮಾರ್ಕೆಟ್ಟಿನಿಂದ ಬೇಗ ಬಂದುಬಿಟ್ಟೆ. ನೀವು ಸ್ಟೂಲಿನ ಮೇಲೆ ನಿಂತು ಅಟ್ಟದಿಂದ ಹಿತ್ತಾಳೆ ಹಂಡೆ ಇಳಿಸುತ್ತಿದ್ದಿರಿ, ಅದೂ ಅದೇ ನೋವಿನ ರಟ್ಟೆಯಲ್ಲಿ, ಒಂದೇ ಕೈಯಲ್ಲಿ. ನನ್ನನ್ನು ನೋಡಿದ ಕೂಡಲೇ ಅಯ್ಯೋ ಅಂತ ರಟ್ಟೆ ಹಿಡಿದುಕೊಂಡಿರಿ. ತಪ್ಪು ರಟ್ಟೆ, ಅತ್ತೆ. ಎರಡು ವರ್ಷ ಬಲಗಡೆ ನೋಯುತ್ತಿತ್ತು, ಅವತ್ತು ಎಡಗಡೆ ಹಿಡಿದುಕೊಂಡಿರಿ. ನಾನು ಹಂಡೆ ಇಸಿದುಕೊಂಡೆ.

ಮಾರನೆಯ ಶುಕ್ರವಾರ ನಾನೇ ಹೋಗಿ ಮಣೆಯ ಮೇಲೆ ಕೂತೆ, ಹೂವು ತೆಗೆದಿಟ್ಟು. ನೀವು ಹಿಂದಿನಿಂದ ಬರಲಿಲ್ಲ. ಎದುರಿಗೆ ಬಂದು ಕುಕ್ಕರುಗಾಲಲ್ಲಿ ಕೂತು, ಮೊದಲು ಬಟ್ಟಲು ತೋರಿಸಿದಿರಿ, ಆಮೇಲೆ ಎಣ್ಣೆ ಕೈ ತೋರಿಸಿದಿರಿ, ಆಮೇಲೆ ನೆತ್ತಿಯ ಮೇಲೆ ಇಟ್ಟಿರಿ. ನೆತ್ತಿ ತಣ್ಣಗಿರಲಿ, ಹೊಟ್ಟೆ ತಣ್ಣಗಿರಲಿ ಅಂದಿರಿ. ಕಿವಿಯ ಹಿಂದಿನ ಬೋಳು ಜಾಗಕ್ಕೆ ನಿಮ್ಮ ಬೆರಳು ಬಂದಾಗ ಒಂದು ಗಳಿಗೆ ನಿಂತಿತು, ಆಮೇಲೆ ಅಲ್ಲಿಗೂ ಎಣ್ಣೆ ಹಚ್ಚಿ ಮುಂದೆ ಹೋಯಿತು. ನಾನು ಬಿಕ್ಕಿಬಿಕ್ಕಿ ಅತ್ತೆ. ಒಲೆ ಮೇಲೆ ಸಾರು ಉಕ್ಕುತ್ತಿದೆ, ಅಳುವುದಾದರೆ ಬೇಗ ಅತ್ತು ಮುಗಿಸು ಅಂತ ನೀವು ಗದರಿದಿರಿ. ಆ ಗದರಿಕೆಗೆ ನಾನು ನಿಮಗೆ ಎಷ್ಟು ಸಲ ಮನಸ್ಸಿನಲ್ಲೇ ಕೈ ಮುಗಿದಿದ್ದೇನೋ.

ಆಮೇಲೆ ಎರಡು ಸಾವಿರದಲ್ಲಿ ನಾನು ಬಸುರಿಯಾದೆ. ನಮ್ಮವರಲ್ಲಿ ಏಳನೇ ತಿಂಗಳಲ್ಲಿ ಕುಬುಸ ಮಾಡಿ, ಹಸಿರು ಸೀರೆ ಉಡಿಸಿ ತವರಿಗೆ ಕಳಿಸುವುದು ರೂಢಿ. ಚೊಚ್ಚಲ ಹೆರಿಗೆ ತವರಲ್ಲೇ, ಬಾಣಂತನವೂ ತವರಲ್ಲೇ. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹಾಕುವವಳು ಬಾಣಂತಿಯ ತಾಯಿ. ನನ್ನ ಮಗುವಿಗೆ ನೀರು ಹಾಕುವವಳು ನಮ್ಮಮ್ಮ. ಈ ಯೋಚನೆ ಬಂದಾಗಿನಿಂದ ನನಗೆ ಅನ್ನ ಸೇರಲಿಲ್ಲ. ಕುಬುಸಕ್ಕೆ ನಾಲ್ಕು ದಿನವಿತ್ತು. ಮಧ್ಯಾಹ್ನ ನೀವು ಅಕ್ಕಿ ಆರಿಸುತ್ತಾ ಕೂತಿದ್ದಿರಿ. ನಾನು ಎದುರಿಗೆ ಕೂತು ಒಂದೇ ಮಾತು ಕೇಳಿದೆ. ಮಗು ಅತ್ತರೆ ಅಮ್ಮ ಏನು ಮಾಡುತ್ತಾಳೆ ಅಂತ ನನಗೆ ಗೊತ್ತು ಅತ್ತೆ, ಹೋಗಲೇಬೇಕಾ ಅಂತ. ನೀವು ಮೊರದಿಂದ ಕಣ್ಣೆತ್ತಲಿಲ್ಲ. ಅಕ್ಕಿ ಆರಿಸುತ್ತಲೇ, ಕುಬುಸದ ದಿನ ನೀನು ತುಟಿ ಪಿಟಕ್ ಅನ್ನಬೇಡ, ತಲೆ ತಗ್ಗಿಸಿಕೊಂಡು ಕೂತಿರು ಅಂದಿರಿ. ಕಳಿಸಿಯೇ ಬಿಡುತ್ತೀರಿ ಅಂದುಕೊಂಡೆ. ನಾಲ್ಕು ದಿನ ನಿಮ್ಮ ಮೇಲೆ ಕೋಪದಲ್ಲೇ ಇದ್ದೆ. ಅದನ್ನೂ ಇವತ್ತು ಒಪ್ಪಿಕೊಳ್ಳುತ್ತೇನೆ.

ಆರತಿ ಆಯಿತು, ಊಟ ಆಯಿತು. ರಾಹುಕಾಲಕ್ಕೆ ಮೊದಲು ಹೊರಡೋಣ ಅಂತ ಅಮ್ಮ ಎದ್ದಳು. ಟ್ಯಾಕ್ಸಿ ಬಾಗಿಲಿಗೆ ಬಂದಿತ್ತು. ನೀವು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಸಿಲಿಗೆ ಅಡ್ಡ ನಿಂತಿರಿ. 'ನನ್ ಸೊಸಿನ ನಾ ಕಳ್ಸಲ್ಲ. ನನ್ ಮೊಮ್ಮಗು ನನ್ ಮನ್ಯಾಗೇ ಹುಟ್ಟಬೇಕು, ನನ್ ಕಾಲ್ ಮ್ಯಾಲೇ ನೀರು ಹಾಕಿಸ್ಕೋಬೇಕು' ಅಂದಿರಿ. ಮನೆಯಲ್ಲಿದ್ದ ನಲವತ್ತು ಜನ ಬಾಯಿಗೆ ಕೈಯಿಟ್ಟರು. ಅಪ್ಪ ಕೈ ಮುಗಿದು ಬೇಡಿಕೊಂಡರು. ಅಮ್ಮ ನೆಲಕ್ಕೆ ಕೂತು ಅತ್ತಳು. ನಿಮ್ಮ ಮಗ, ಅಮ್ಮಾ, ಇದೆಂಥ ಹಟ, ಮಾನ ಮರ್ಯಾದೆ ಬೇಡವಾ ಅಂತ ಎಲ್ಲರೆದುರೇ ನಿಮ್ಮ ಮೇಲೆ ರೇಗಿದರು. ನೀವು ಇನ್ನೂ ಏರಿಸಿ, ಪಾತ್ರೆ ಅಂಗಡಿಯವರ ಮನೆ ಊಟ ನನ್ನ ಸೊಸೆಗೆ ಒಗ್ಗಲ್ಲ ಅಂತ ಬೇರೆ ಅಂದಿರಿ. ಅದು ಬೇಕಿರಲಿಲ್ಲ ಅತ್ತೆ, ಅಲ್ಲಿ ನಿಮಗೆ ಸ್ವಲ್ಪ ಖುಷಿಯೂ ಆಗುತ್ತಿತ್ತು ಅಂತ ನನ್ನ ಗುಮಾನಿ. ನೀವು ಹೇಳಿದಂತೆ ನಾನು ತಲೆ ತಗ್ಗಿಸಿ ಕೂತಿದ್ದೆ. ಸೊಸೆಗೆ ಪಾಪ ಬಾಯಿಯೇ ಇಲ್ಲ ಅಂತ ಎಲ್ಲರೂ ಮರುಗಿದರು.

ಅವತ್ತು ಕಲಾವತಿ ಅಕ್ಕ ದಾವಣಗೆರೆಯಿಂದ ಅಷ್ಟು ದೂರ ಬಂದಿದ್ದರು. ತವರಿಗೆ ಹೋಗುವ ಬಸುರಿಯನ್ನು ತಡೆದವಳು ಇವಳ ತಾಯಿ ಅಂತ ಅವರ ಅತ್ತೆಮನೆಯಲ್ಲಿ ಆಡಿಕೊಳ್ಳದೆ ಬಿಡುತ್ತಾರೆಯೇ. ಹೊರಡುವಾಗ, ನಿನ್ನಂಥ ಅತ್ತೆ ನನಗೆ ಸಿಗಲಿಲ್ಲವಲ್ಲ, ಅದೇ ನನ್ನ ಪುಣ್ಯ ಕಣಮ್ಮ ಅಂದರು. ಎರಡು ವರ್ಷ ಈ ಮನೆಯ ಹೊಸಿಲು ತುಳಿಯಲಿಲ್ಲ. ನೀವು ದೇವರ ಕೋಣೆಯಲ್ಲಿ ಲಿಂಗಪೂಜೆಗೆ ಕೂತಾಗ ಕಣ್ಣೊರೆಸಿಕೊಳ್ಳುವುದನ್ನು ನಾನು ನೋಡಿದ್ದೇನೆ. ಒಂದು ಮಾತು ಹೇಳಿದ್ದರೆ ಮಗಳು ಅವತ್ತೇ ನಿಮ್ಮ ಕಾಲು ಹಿಡಿಯುತ್ತಿದ್ದಳು. ಆ ಮಾತು ನನ್ನ ಗುಟ್ಟು ಅಂತ ನೀವು ಹೇಳಲಿಲ್ಲ. ನಾನು ಹೇಳಬಹುದಿತ್ತು, ನಾನೂ ಹೇಳಲಿಲ್ಲ.

ರಚನಾ ನಿಮ್ಮ ಕಾಲ ಮೇಲೇ ಬೆಳೆದಳು. ಅಮ್ಮ ಬಂದಾಗೆಲ್ಲ ಮಗುವನ್ನು ಎತ್ತಿಕೊಳ್ಳಲು ಕೊಡುತ್ತಿದ್ದಿರಿ, ಆದರೆ ನೀವು ಅಲ್ಲೇ ಹಾಲಿನಲ್ಲಿ ಕಾಲು ನೀಡಿಕೊಂಡು ಕೂತಿರುತ್ತಿದ್ದಿರಿ, ಏಳುತ್ತಿರಲಿಲ್ಲ. ಮೊಮ್ಮಗಳನ್ನು ನಾನು ಎತ್ತಿಕೊಂಡರೆ ಎಷ್ಟು ಹೊಟ್ಟೆಕಿಚ್ಚು ಈ ಮುದುಕಿಗೆ ಅಂತ ಅಮ್ಮ ನನ್ನ ಹತ್ತಿರ ಅಂದಳು. ಹೌದಮ್ಮ, ತುಂಬಾ ಹೊಟ್ಟೆಕಿಚ್ಚು ಅಂದೆ.

ಈಗ ಮೊನ್ನೆಯದು. ಇದನ್ನು ಹೇಳಲೆಂದೇ ಇಷ್ಟೆಲ್ಲ ಬರೆದದ್ದು.

ಹಬ್ಬದ ಬೆಳಗ್ಗೆ ಮನೆಯ ಹಿರಿಯ ಹೆಂಗಸು ಎಲ್ಲರ ತಲೆಗೆ ಎಣ್ಣೆ ಇಡಬೇಕಲ್ಲ. ಇದುವರೆಗೆ ನೀವು ಇಡುತ್ತಿದ್ದಿರಿ. ಈ ಸಲ ಮನೆಗೆ ಹಿರಿಯಳು ನಾನೇ. ಇವರಿಗೆ ಇಟ್ಟು ಬಚ್ಚಲಿಗೆ ಕಳಿಸಿದೆ. ಆಮೇಲೆ ರಚನಾಳನ್ನು ಮಣೆಯ ಮೇಲೆ ಕೂರಿಸಿದೆ. ನೀವು ಊರಿಗೆ ಹೋಗುವ ಮುಂಚೆ ಪುರಸೈವಾಕ್ಕಂನಲ್ಲಿ ಹತ್ತು ಅಂಗಡಿ ಹತ್ತಿ ಇಳಿದು ತಂದ ಹಸಿರು ರೇಷ್ಮೆ ಲಂಗ ಪಕ್ಕದಲ್ಲೇ ಇತ್ತು. ಮುಟ್ಟಬೇಡ ಮುಟ್ಟಬೇಡ ಅಂದೆ. ಹೊರಗೆ ಯಾರೋ ಸರಪಟಾಕಿ ಹಚ್ಚಿದರು, ಇವಳು ಕುಣಿದಳು, ಕಾಲು ತಾಗಿ ಬಟ್ಟಲು ಮಗುಚಿತು. ಎಣ್ಣೆಯೆಲ್ಲ ಲಂಗದ ಮೇಲೆ.

ನನ್ನ ಕೈ ಮೇಲೆದ್ದಿತು, ಅತ್ತೆ. ನಾನು ಎತ್ತಲಿಲ್ಲ, ಅದೇ ಎದ್ದಿತು. ನನ್ನ ಬಾಯಿಂದ, ದರಿದ್ರದವಳೇ, ಅನ್ನುವ ಮಾತು ಬಂತು. ಅದು ನಾನು ಯಾವತ್ತೂ ಆಡದ ಮಾತು. ಅದು ಆರೂವರೆಯ ಮಾತು, ಅಮ್ಮನ ದನಿಯಲ್ಲೇ ಬಂತು. ಐದು ವರ್ಷ ಹೆದರಿಕೊಂಡು ಕಾದದ್ದು ಬಂದೇ ಬಿಟ್ಟಿತು ಅನಿಸಿತು.

ರಚನಾ ತಲೆಯೆತ್ತಿ ನನ್ನ ಕೈ ನೋಡಿದಳು. ನೋಡಿ, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ನೆತ್ತಿಯನ್ನು ನನ್ನ ಕೈಯ ಕೆಳಗೆ ತಂದು ಬಗ್ಗಿಸಿದಳು. 'ಸೀಕ್ರಂ ವೈಮ್ಮಾ' ಅಂದಳು. ಅವಳಿಗೆ ಅವಸರವಾದರೆ ತಮಿಳೇ ಬರುವುದು, ನಿಮಗೆ ಗೊತ್ತಲ್ಲ. ಬೇಗ ಹಚ್ಚಮ್ಮ, ಪಟಾಕಿ ಹೊಡೆಯಬೇಕು ಅಂತ.

ಅವಳಿಗೆ ಗೊತ್ತಿಲ್ಲ, ಅತ್ತೆ. ತಲೆಯ ಮೇಲೆ ಕೈ ಎತ್ತಿದರೆ ಏನಾಗುತ್ತದೆ ಅಂತ ನನ್ನ ಮಗಳಿಗೆ ಗೊತ್ತೇ ಇಲ್ಲ. ಎಣ್ಣೆ ಹಚ್ಚುತ್ತಾರೆ ಅಂತ ಮಾತ್ರ ಗೊತ್ತು. ಐದು ವರ್ಷದಲ್ಲಿ ಅವಳ ತಲೆಯ ಮೇಲೆ ಎದ್ದ ಕೈಯೆಲ್ಲ ಅದಕ್ಕೇ ಎದ್ದದ್ದು.

ನನ್ನ ಕೈ ಎಷ್ಟು ಹೊತ್ತು ಮೇಲೇ ಇತ್ತೋ. ಆಮೇಲೆ ಕೆಳಗೆ ಬಂತು. ಲಂಗದ ಮೇಲೆ ನಿಂತಿದ್ದ ಎಣ್ಣೆಯನ್ನೇ ಬೆರಳಲ್ಲಿ ತೆಗೆದು ಆ ಮೋಟುಗೂದಲಿನ ನೆತ್ತಿಗೆ ಇಟ್ಟೆ. ನೆತ್ತಿ ತಣ್ಣಗಿರಲಿ, ಹೊಟ್ಟೆ ತಣ್ಣಗಿರಲಿ ಅಂದೆ. ಯಾಕಮ್ಮ ಅಳ್ತಿದೀಯ, ಲಂಗ ಹೋಯ್ತು ಅಂತಾನಾ ಅಂತ ಕೇಳಿದಳು. ಹೌದು ಅಂದೆ. ಅವಳೇ ದೇವರ ಕೋಣೆಗೆ ಓಡಿ ವಿಭೂತಿ ಗಟ್ಟಿ ತಂದು ಪುಡಿ ಮಾಡಿ ಕಲೆಯ ಮೇಲೆ ಉದುರಿಸಿದಳು, ಅಜ್ಜಿ ಹೀಗೇ ಮಾಡೋದು ಅಂತ. ಎಣ್ಣೆ ಮುಕ್ಕಾಲು ಪಾಲು ಎಳೆದುಕೊಂಡಿದೆ. ಉಳಿದ ಕಲೆಗೆ ನೀವು ಬಂದು ಏನಾದರೂ ದಾರಿ ಹೇಳಿ.

ನನ್ನ ಕೈ ಇನ್ನು ಯಾವತ್ತೂ ಏಳುವುದಿಲ್ಲ ಅಂತ ನಾನು ಹೇಳಲಾರೆ. ಎದ್ದರೆ ಹೇಗೆ ಇಳಿಸಬೇಕು ಅಂತ ಈಗ ಗೊತ್ತಾಗಿದೆ. ಇನ್ನು ಮೇಲೆ ಅವಳ ತಲೆ ನಾನೇ ಬಾಚುತ್ತೇನೆ. ಕೂದಲು ಬೆಳೆಸುತ್ತೇನೆ, ಈ ಸಂಕ್ರಾಂತಿಗಲ್ಲದಿದ್ದರೆ ಮುಂದಿನದಕ್ಕೆ ಮೊಗ್ಗಿನ ಜಡೆ ಹಾಕೋಣ. ಮೊಗ್ಗು ಕಟ್ಟುವುದು ನಿಮ್ಮ ಕೆಲಸ, ಅವಳನ್ನು ಕೂರಿಸಿ ಜಡೆ ಹೆಣೆಯುವುದು ನನ್ನ ಕೆಲಸ.

'ಮಾತೃಸಮಾನರಾದ' ಅಂತ ಯಾಕೆ ಬರೆಯಲಿಲ್ಲ ಅಂತ ಈಗ ತಿಳಿಯಿತಲ್ಲ. ಸೊಸೆ ಅಲ್ಲ ಮಗಳು, ಅತ್ತೆ ಅಲ್ಲ ತಾಯಿ ಅಂತ ಮದುವೆಮನೆಗಳಲ್ಲಿ ಎಲ್ಲರೂ ಹೇಳುತ್ತಾರೆ. ನನಗೆ ಅದು ದೊಡ್ಡ ಮಾತಾಗಿ ಕಾಣುವುದಿಲ್ಲ. ನನ್ನನ್ನು ಕಾಪಾಡಿದ್ದು ಅತ್ತೆ ಅನ್ನುವ ಹೆಸರು. ಆ ಹೆಸರಿಗೆ ಇಡೀ ಬಳಗದಲ್ಲಿ ಮಸಿ ಬಳಿಸಿಕೊಂಡು ನೀವು ನನ್ನ ಮಗುವಿಗೆ ನೀರು ಹಾಕಿದಿರಿ. ನಿಮ್ಮ ಋಣ ಅಂತೆಲ್ಲ ಬರೆದರೆ ನೀವು ನಗುತ್ತೀರಿ. ನೀವು ಇದ್ದೀರಿ ಅಂತ ನಾನು ಇದ್ದೇನೆ, ಅಷ್ಟೇ.

ಕಣ್ಣಿಗೆ ಹೊತ್ತು ಹೊತ್ತಿಗೆ ಡ್ರಾಪ್ಸ್ ಹಾಕಿಸಿಕೊಳ್ಳಿ. ಒಲೆಯ ಹತ್ತಿರ ಹೋಗಬೇಡಿ. ಹಂಡೆ ಗಿಂಡೆ ಎತ್ತಬೇಡಿ.

ನಿಮ್ಮ ಸೊಸೆ,
ಕೋಮಲಾ

ತಾ.ಕ.: ಮೇಲಿನದನ್ನು ನಿನ್ನೆ ಬರೆದು ಮುಗಿಸಿ ಅಂಟು ಹಚ್ಚಿಟ್ಟಿದ್ದೆ. ಇವತ್ತು ಬೆಳಗ್ಗೆ ಬಿಚ್ಚಿ ಇವರ ಕೈಗೆ ಕೊಟ್ಟೆ. ಓದಿ ಮುಗಿಸಿ, ಅವತ್ತು ಎಲ್ಲರೆದುರಿಗೆ ಅಮ್ಮನ ಮೇಲೆ ರೇಗಿಬಿಟ್ಟೆನಲ್ಲೇ ಅಂದರು. ಶುಕ್ರವಾರದ ರೈಲಿಗೆ ಹೊರಟು ನಿಮ್ಮನ್ನು ನೋಡಲು ಬರುತ್ತಾರೆ. ಯಾರ ಕೈಯಲ್ಲೂ ಓದಿಸಬೇಡಿ ಅಂತ ಫೋನು ಮಾಡಿ ಹೇಳುತ್ತೇನೆ ಅಂದಿದ್ದೆನಲ್ಲ, ಆ ಫೋನು ನಾನು ಮಾಡುವುದಿಲ್ಲ. ಕವರಿನ ಮೇಲೆ ನಿಮ್ಮ ಹೆಸರಿಲ್ಲ, ಕಲಾವತಿ ಅಕ್ಕನ ಹೆಸರಿದೆ.

ಆದ್ದರಿಂದ ಅಕ್ಕ, ಇದನ್ನು ಈಗ ಓದುತ್ತಿರುವವರು ನೀವು. ಮನಸ್ಸಿನಲ್ಲೇ ಓದುತ್ತಿದ್ದರೆ ದಯವಿಟ್ಟು ಮೊದಲಿನಿಂದ, ನಿಮ್ಮ ಅತ್ತೆಯವರಿಗೂ ಕೇಳಿಸುವಂತೆ, ಗಟ್ಟಿಯಾಗಿ ಓದಿ. ಆಮೇಲೆ, ತಲೆಗೆ ನೀರು ಹಾಕಬಹುದು ಅಂತ ಡಾಕ್ಟರು ಹೇಳಿದ ದಿನ, ನಿಮ್ಮಮ್ಮನ ನೆತ್ತಿಗೆ ನೀವೇ ಎಣ್ಣೆ ಹಚ್ಚಿ. ರಟ್ಟೆ ನೋಯುತ್ತದೆ ಅಂತ ಅವರು ಹೇಳಿದರೆ ನಂಬಬೇಡಿ.